ತಟ್ಟಿ ಮತ್ತು ಗಾಜಿನ ಬಾಗಿಲು

ಕಡಲಿಗೆ ಮುಖಮಾಡಿದ ಹೊಸ ಮನೆಯ ಗಾಜಿನ ಬಾಗಿಲಿಗೆ ಬಲು ಜಂಬ. ಗಾಳಿಯನ್ನು ಒಳಬಿಡಲಾರೆನೆಂದು ಅದು ಪಕ್ಕಕ್ಕೆ ಸರಿಯದೆ ಸದಾ ಮೊಂಡು ಹಿಡಿಯುತ್ತಿತ್ತು. ಮಳೆಗಾಲಕ್ಕೆ ಮುಂಚೆ ಮನೆಯೊಡತಿ ಜಲಜಕ್ಕ ಅದರೆದುರು, ಜಗಲಿಯಂಚಿಗೆ, ತೆಂಗಿನ ಗರಿ ಹೆಣೆದ ತಟ್ಟಿ ಕಟ್ಟಿದಳು.

"ಮೈಯೆಲ್ಲ ತೂತು, ನೀನು ನನಗೆ ಕಾವಲೇ?" ಎಂದು ಗಾಜು ಮೂಗು ಮುರಿಯಿತು.

"ನೋಡೋಣ ಅಣ್ಣಾ," ಎಂದಿತು ತಟ್ಟಿ.

ಆಷಾಢದ ಗಾಳಿ ಅಬ್ಬರಿಸಿತು. ಪಕ್ಕದ ಬಂಗಲೆಯ ಗಾಜು ಚೂರಾದ ಸದ್ದಿಗೆ ಈ ಗಾಜು ನಡುಗಿತು. ಆದರೆ ತನ್ನ ಮೈಗೆ ತಾಗಿದ್ದು ಬರೀ ತಂಗಾಳಿ.

"ಅಂಥ ಗಾಳಿಯನ್ನು ಹೇಗೆ ತಡೆದೆ?"

"ನಾನೆಲ್ಲಿ ತಡೆದೆ? ಒಂದೊಂದು ತೂತಿನಲ್ಲಿ ಇಷ್ಟಿಷ್ಟೇ ಬಾ ಎಂದೆ."

ಮಳೆಗಾಲ ಮುಗಿಯಿತು, ಗಾಳಿಮಳೆಗೆ ಸವೆದು ಲಡ್ಡಾದ ತಟ್ಟಿ ಬಚ್ಚಲೊಲೆಗೆ ಹೋಯಿತು. ಅಂದು ಸಂಜೆ ಕಡಲಗಾಳಿ ಬಂದಾಗ ಜಲಜಕ್ಕ ಬಾಗಿಲಿಗೆ ಬೆರಳು ತಾಗಿಸಿದಳಷ್ಟೆ, ಗಾಜು ತಾನಾಗಿ ಸರಿದು ದಾರಿ ಬಿಟ್ಟಿತು.