ನೆಂಟನಾಗಿ ಬಂದ ದ್ವೀಪ

ಹುಣಸೆಕಟ್ಟೆ ಅಂತ ಒಂದೂರಿತ್ತು. ಇತ್ತು ಅಂದಮೇಲೆ ಇತ್ತು, ಎಲ್ಲಿ ಅಂತ ಕೇಳಬೇಡಿ. ಆ ಊರಿನ ತುಂಗಕ್ಕನಿಗೆ ಒಂದು ಅಭ್ಯಾಸ. ಏನಾದರೂ ನೆನಪಿಡಬೇಕಾದರೆ ಸೆರಗಿಗೆ ಒಂದು ಗಂಟು ಹಾಕುತ್ತಿದ್ದಳು. ದೊರೆ ಕೊಂಡರಾಯನ ಪ್ರವಾಸಗಳಿಗೆ ಪಟ್ಟಿ ಬರೆಯುವುದು ಅವಳ ಕೆಲಸ. ಹಾಗಾಗಿ ಸೆರಗಿನ ತುಂಬ ಗಂಟು. ಮೂವತ್ತೊಂದು ಪ್ರವಾಸಕ್ಕೆ ಪಟ್ಟಿ ಬರೆದಿದ್ದಳು. ಒಂದಕ್ಕೂ ಹೋಗಿರಲಿಲ್ಲ. ಊರಬಾಗಿಲು ದಾಟಿದವಳೇ ಅಲ್ಲ.

ಒಂದು ದಿನ ದೊರೆಗೆ ದ್ವೀಪ ನೋಡುವ ಮನಸ್ಸಾಯಿತು. ಸಮುದ್ರದ ನಡುವೆ ಒಂದು ದ್ವೀಪ. ಅರ್ಧ ಪೇಟೆ, ಅರ್ಧ ಕಾಡು. ರಾಣಿಗೆ ಪೇಟೆಯ ನಾಟಕ, ಸಂಗೀತ ಬೇಕು. ದೊರೆಗೆ ಆನೆ, ಜಲಪಾತ ಬೇಕು. ಇರುವುದು ಮೂರೇ ದಿನ. ತುಂಗಕ್ಕ ಪೇಟೆಗೆ ಒಂದೂವರೆ, ಕಾಡಿಗೆ ಒಂದೂವರೆ ಅಂತ ಹಂಚಿದಳು. ಕೊನೆಗೆ ಸಣ್ಣ ಅಕ್ಷರದಲ್ಲಿ ತನ್ನ ಹೆಸರನ್ನೂ ಸೇರಿಸಿದಳು. ದೊರೆ ಓದಿ, ಆಗಲಿ ಅಂದ. ಅವಳಿಗೆ ಅವತ್ತು ಊಟ ಸೇರಲಿಲ್ಲ.

ಆದರೆ ಹೋಗಲು ಒಂದೂವರೆ ದಿನ, ಬರಲು ಒಂದೂವರೆ ದಿನ. ದ್ವೀಪ ಮುಟ್ಟಿದ ಕೂಡಲೇ ತಿರುಗಿ ಹೊರಡಬೇಕು.

"ದಾರಿಯನ್ನು ಪಟ್ಟಿಯಿಂದ ತೆಗೆದುಬಿಡು," ಅಂದ ದೊರೆ.

ತುಂಗಕ್ಕ ದಾರಿಯನ್ನು ಹೊಡೆದುಹಾಕಿದಳು. ದಾರಿ ಇಲ್ಲದ ಮೇಲೆ ಇವರು ಹೋಗುವಂತಿಲ್ಲ. ಇವರು ಹೋಗುವಂತಿಲ್ಲ ಅಂದರೆ ದ್ವೀಪವೇ ಬರಬೇಕು. ಅವಳೇ ದ್ವೀಪಕ್ಕೆ ಕಾಗದ ಬರೆದಳು. ಹುಟ್ಟಿದಾಗಿನಿಂದ ಕೂತಲ್ಲೇ ಕೂತಿದ್ದೇನೆ, ಕರೆದವರೇ ಇಲ್ಲ, ಗುರುವಾರ ಬರುತ್ತೇನೆ ಅಂತ ದ್ವೀಪ ಉತ್ತರ ಕೊಟ್ಟಿತು.

ಗುರುವಾರ ಬೆಳಿಗ್ಗೆ ಬಂದೇಬಂತು. ಮುಂದೆ ಪೇಟೆ, ಹಿಂದೆ ಕಾಡು, ಸುತ್ತ ನೀರು ತೊಟ್ಟಿಕ್ಕುತ್ತಿತ್ತು. ಊರಬಾಗಿಲ ಹೊರಗೆ ನಿಂತು, ಒಳಗೆ ಬರಬಹುದಾ ಅಂತ ಕೇಳಿತು.

ಮನೆಗೆ ಬಂದವರು ನೆಂಟರು. ಕಾಲಿಗೆ ನೀರು ಕೊಡಬೇಕು. ದ್ವೀಪಕ್ಕೆ ಕಾಲು ಎಲ್ಲಿ ಅಂತ ಯಾರಿಗೂ ಗೊತ್ತಾಗಲಿಲ್ಲ. ಸುತ್ತಲೂ ತೊಳೆದರು. ಕೆರೆ ಅರ್ಧ ಖಾಲಿಯಾಯಿತು. ಊರಿನ ಚಾಪೆಗಳನ್ನೆಲ್ಲ ಹಾಸಿ ಕೂರಿಸಿದರು. ಎಲೆ ಹಾಕಿದರು. ಆನೆಗಳಿಗೊಂದು ಪಂಕ್ತಿ, ನಾಟಕದವರಿಗೊಂದು ಪಂಕ್ತಿ.

"ಇನ್ನೊಂದೇ ಒಂದು ಹೋಳಿಗೆ," ಅಂದಳು ರಾಣಿ.

"ಬೇಡ ತಾಯಿ, ದಡದವರೆಗೂ ತುಂಬಿದೆ," ಅಂದಿತು ದ್ವೀಪ.

ಬೇಡ ಅಂದವರಿಗೆ ಎರಡು ಬಡಿಸುವುದು ಹುಣಸೆಕಟ್ಟೆಯ ಪದ್ಧತಿ. ಬಡಿಸಿದ್ದನ್ನು ಬಿಡದಿರುವುದು ದ್ವೀಪದ ಪದ್ಧತಿ. ರಾಣಿ ಬಡಿಸಿದಳು, ದ್ವೀಪ ಬೇಡ ಅಂದಿತು. ದೊರೆ ಬಡಿಸಿದ, ದ್ವೀಪ ಬೇಡ ಅಂದಿತು. ಗುರುವಾರ ಹೋಯಿತು. ಶುಕ್ರವಾರ ಹೋಯಿತು. ಎಲೆ ಮುಂದೆ ಕೂತ ನೆಂಟರನ್ನು ಬಿಟ್ಟು ಅವರ ಜಲಪಾತ ನೋಡಲು ಹೋಗುವುದು ಮರ್ಯಾದೆಯೇ? ಯಾರೂ ಹೋಗಲಿಲ್ಲ. ತುಂಗಕ್ಕ ಅಡುಗೆಮನೆಯಲ್ಲಿ ಹೂರಣ ರುಬ್ಬುತ್ತಿದ್ದಳು. ಆನೆ ಘೀಳಿಟ್ಟರೆ ಹೋಳಿಗೆ ಸಾಲದಾಗಿದೆ ಅಂತ ಲೆಕ್ಕ. ಇನ್ನಷ್ಟು ರುಬ್ಬಿದಳು.

ಶನಿವಾರ ಸಂಜೆಗೆ ಮೂರು ದಿನ ಮುಗಿಯಿತು. ಪ್ರವಾಸ ಬಹಳ ಚೆನ್ನಾಗಿತ್ತು ಅಂತ ದೊರೆ ಡಂಗುರ ಹೊಡೆಸಿದ. ರಾಣಿ, ಸ್ವಲ್ಪ ಸುಸ್ತಾಯಿತು ಅಂದಳು. ದ್ವೀಪ ಮೈಮುರಿದು ಎದ್ದಿತು.

ಕುಂಕುಮ ಕೊಟ್ಟು ಕಳಿಸಲು ತುಂಗಕ್ಕನನ್ನು ಅಟ್ಟಿದರು. ಊರಬಾಗಿಲ ಹತ್ತಿರ ಬಂದಾಗಲೇ ಅವಳು ದ್ವೀಪವನ್ನು ಮೊದಲ ಸಲ ನೋಡಿದ್ದು. ಎಲ್ಲೋ ಒಳಗೆ ನೀರು ಬೀಳುವ ಸದ್ದು. ಎಲ್ಲೋ ಮದ್ದಳೆಗೆ ಶ್ರುತಿ ಮಾಡುತ್ತಿದ್ದರು. ಕುಂಕುಮದ ಬಟ್ಟಲು ಹಿಡಿದುಕೊಂಡೇ, ನೆಲ ನೋಡುತ್ತ, ಮೆಲ್ಲಗೆ ಕೇಳಿದಳು.

"ಹೋಗ್ತಾ ನನ್ನನ್ನೂ ಕರ್ಕೊಂಡು ಹೋಗ್ತೀರಾ? ಪೇಟೆ ಕಡೆಯಾದ್ರೂ ಸರಿ, ಕಾಡಿನ ಕಡೆಯಾದ್ರೂ ಸರಿ. ನಾನು ಜಾಸ್ತಿ ಜಾಗ ತಗೊಳ್ಳಲ್ಲ."