ಮಂತ್ರದ ಗೋಡೆಯ ಎರಡು ಬದಿ

ಹಿಮಾಲಯದ ಕಣಿವೆಯಲ್ಲಿ ಉಪ್ಪಿನ ಮೂಟೆ ಹೊತ್ತು ಹೊರಟ ಚಮರೀಮೃಗ ಮತ್ತು ಹೇಸರಗತ್ತೆಯ ಬೆನ್ನಿಗೆ ಹಿಮಚಿರತೆ ಬಿದ್ದಿತ್ತು. ಎದುರಿಗೆ ಮಂತ್ರ ಕೆತ್ತಿದ ಕಲ್ಲುಗಳ ಉದ್ದನೆಯ ಗೋಡೆ ಸಿಕ್ಕಿತು. ಅದನ್ನು ಬಲಕ್ಕಿಟ್ಟುಕೊಂಡು ಎಡದ ಸುತ್ತುದಾರಿಯಲ್ಲಿ ಸಾಗುವುದು ಅಲ್ಲಿನವರ ಪದ್ಧತಿ.

"ಪ್ರಾಣ ಹೋಗುವಾಗಲೂ ಪ್ರದಕ್ಷಿಣೆಯೇ, ಸ್ವಾಮಿಗಳೇ? ಬಲಗಡೆಯಿಂದ ಹೋದರೆ ಹತ್ತಿರ!" ಎಂದು ಹೇಸರಗತ್ತೆ ಹಂಗಿಸಿತು.

"ಭಕ್ತಿಯ ಮಾತಲ್ಲ ಮಾರಾಯ. ಎಲ್ಲರೂ ತುಳಿದು ಗಟ್ಟಿಯಾದ ನೆಲ ಎಡಕ್ಕಿದೆ. ಬಲಗಡೆಯ ಹಿಮದಡಿ ಏನಿದೆಯೆಂದು ಯಾರು ಕಂಡಿದ್ದಾರೆ?" ಎನ್ನುತ್ತಾ ಚಮರೀಮೃಗ ಎಡಕ್ಕೆ ತಿರುಗಿತು.

ಹೇಸರಗತ್ತೆ ಬಲಕ್ಕೆ ನುಗ್ಗಿತು. ನಾಲ್ಕು ಹೆಜ್ಜೆಗೇ ಕುತ್ತಿಗೆಯವರೆಗೆ ಹಿಮದಲ್ಲಿ ಹೂತುಹೋಯಿತು. ಬೆನ್ನಟ್ಟಿ ಬಂದ ಹಿಮಚಿರತೆ ಗಟ್ಟಿನೆಲದ ಅಂಚಿನಲ್ಲೇ ನಿಂತಿತು.

"ಹೆದರಬೇಡ, ಅಲ್ಲಿಗೆ ಕಾಲಿಡುವಷ್ಟು ದಡ್ಡ ನಾನಲ್ಲ," ಎಂದಿತು. "ನೀನು ಮೇಲೆ ಬರುವವರೆಗೆ ಇಲ್ಲೇ ಕಾಯುತ್ತೇನೆ."