ತೆರೆ ಮಡಿಸುವಷ್ಟು ಹೊತ್ತು

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಆಶ್ರಮ ಅಂದರೆ ಕಾವಿಯಿಲ್ಲ, ಕಮಂಡಲವಿಲ್ಲ. ಒಂದು ತಗಡಿನ ಷೆಡ್ಡು, ಕಿಟಕಿಗಳಿಗೆ ಗೋಣಿಚೀಲ, ಒಂದು ಹಳೆಯ ಪ್ರೊಜೆಕ್ಟರು, ತೆರೆಯಾಗಿ ಕಟ್ಟುವುದಕ್ಕೆ ಒಂದು ಬಿಳಿ ಬಟ್ಟೆ.

ಅಲ್ಲಿನ ಗುರು ಭಾಗೀರಥಕ್ಕ. ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಉಳಿದ ಆಯುಷ್ಯವನ್ನು ಸಿನಿಮಾ ನೋಡುವುದಕ್ಕೂ, ನೋಡುವುದನ್ನು ಕಲಿಸುವುದಕ್ಕೂ ಎತ್ತಿಟ್ಟುಕೊಂಡಿದ್ದರು. ಊರವರು ತಮಾಷೆಗೆ ಆಶ್ರಮ ಅಂದರು. ಹೆಸರು ಅಂಟಿಕೊಂಡಿತು.

ಪ್ರತಿ ಶನಿವಾರ ಮಧ್ಯಾಹ್ನ ಒಂದು ಸಿನಿಮಾ. ಇಂಥದ್ದೇ ಅಂತಿಲ್ಲ. ಒಂದು ವಾರ ಭಕ್ತಿ, ಇನ್ನೊಂದು ವಾರ ಹೊಡೆದಾಟ, ಮತ್ತೊಂದು ವಾರ ಯಾವುದೋ ಹಿಮದ ದೇಶದ್ದು, ಅದರಲ್ಲಿ ಯಾರೂ ಮಾತೇ ಆಡುವುದಿಲ್ಲ.

ಸಿನಿಮಾ ಮುಗಿದ ಮೇಲೆ ಒಂದು ಪದ್ಧತಿಯಿತ್ತು. ಭಾಗೀರಥಕ್ಕ ತೆರೆಯನ್ನು ಬಿಚ್ಚಿ ಒಂದು ತುದಿ ಹಿಡಿಯುವರು. ಅಭಿಪ್ರಾಯ ಹೇಳುವವರು ಎದುರಿನ ತುದಿ ಹಿಡಿಯಬೇಕು. ಸೀರೆ ಮಡಿಸುವ ಹಾಗೆ ಇಬ್ಬರೂ ಮಡಿಸುತ್ತಾ ಹತ್ತಿರ ಬರಬೇಕು. ತುದಿಗೆ ತುದಿ ಸೇರುವುದರೊಳಗೆ ಮಾತು ಮುಗಿಯಬೇಕು. ಮುಗಿಯದಿದ್ದರೆ ಉಳಿದದ್ದನ್ನು ಮನೆಗೆ ಒಯ್ದು ಬೆಕ್ಕಿಗೆ ಹೇಳಬಹುದಿತ್ತು.

ವಾರಕ್ಕೆ ಒಬ್ಬರದೇ ಅಭಿಪ್ರಾಯ. ಒಮ್ಮೆ ಮಡಿಸಿದ್ದನ್ನು ಬಿಡಿಸುವ ರೂಢಿಯಿರಲಿಲ್ಲ.

ಮೊದಮೊದಲು ಎಲ್ಲ ಶಿಷ್ಯರಿಗೂ ಸರದಿಯಿತ್ತು. ತಾರಿಣಿ ಬಂದ ಮೇಲೆ ಒಬ್ಬೊಬ್ಬರಾಗಿ ತಮ್ಮ ಸರದಿಯನ್ನು ಅವಳಿಗೇ ಬಿಟ್ಟುಕೊಟ್ಟರು. ಅವಳ ಮಾತು ಕೇಳುವುದಕ್ಕೆಂದೇ ಊರಿನಿಂದ ಜನ ಬರತೊಡಗಿದ್ದರು.

ಭಕ್ತಿಯ ಸಿನಿಮಾಕ್ಕೆ ಅವಳು ಹೇಳಿದ್ದು ಇಷ್ಟು: "ದೇವರು ಕೊನೆಯ ರೀಲಿಗೆ ಬಂದ. ಅಷ್ಟೂ ಹಾಡು ಕೇಳಬೇಕು ಅಂದಿದ್ದರೆ ನಾನೂ ತಡವಾಗಿಯೇ ಬರುತ್ತಿದ್ದೆ."

ಹೊಡೆದಾಟದ್ದಕ್ಕೆ: "ನಾಯಕ ಊರಿಗೆ ಊರನ್ನೇ ಹೊಡೆದ. ಅಂಗಿಯ ಇಸ್ತ್ರಿ ಕೆಡಲಿಲ್ಲ. ಪ್ರಶಸ್ತಿ ಇಸ್ತ್ರಿಯವನಿಗೆ ಹೋಗಬೇಕು."

ಹಿಮದ ದೇಶದ್ದಕ್ಕೆ: "ಮುದುಕ ರೈಲಿಗೆ ಕಾದ. ರೈಲು ಬರಲಿಲ್ಲ. ಅವನಿಗೆ ಬೇರೆ ದಾರಿಯಿರಲಿಲ್ಲ. ನನಗೆ ಬಾಗಿಲಿತ್ತು."

ದೆವ್ವದ್ದಕ್ಕೆ: "ಆ ಮನೆಯಲ್ಲಿ ಮರ್ಯಾದೆಯಿಂದ ನಡೆದುಕೊಂಡದ್ದು ದೆವ್ವ ಒಂದೇ."

ಷೆಡ್ಡು ನಗುತ್ತಿತ್ತು. ಭಾಗೀರಥಕ್ಕನೂ ಒಮ್ಮೊಮ್ಮೆ ನಗುತ್ತಿದ್ದರು. ತಮ್ಮ ಅಭಿಪ್ರಾಯವನ್ನು ಮಾತ್ರ ಕೇಳದೆ ಹೇಳುತ್ತಿರಲಿಲ್ಲ. ಕೇಳುವಷ್ಟು ಧೈರ್ಯ ಯಾರಿಗೂ ಇರಲಿಲ್ಲ.

ಒಂದು ಸಂಜೆ ಚಹಾದ ಲೋಟ ತೊಳೆಯುವಾಗ ಅಕ್ಕ ಕೇಳಿದರು. "ನಿನಗೆ ಹಿಡಿಸಿದ್ದು ಯಾವುದಾದರೂ ಇದೆಯೇನೇ?"

"ಹಿಡಿಸಿದ್ದನ್ನ ಹೇಳೋಕೆ ಊರು ತುಂಬ ಜನ ಇದ್ದಾರಕ್ಕಾ. ನಾನು ಯಾರಿಗೂ ಹೆದರಲ್ಲ. ಅದಕ್ಕೇ ನನ್ನ ಮಾತು ಕೇಳೋಕೆ ಬರ್ತಾರೆ."

ಅಕ್ಕ ಲೋಟವನ್ನು ಬೋರಲು ಹಾಕಿದರು.

"ಯಾರಿಗೂ?" ಅಂದರು. ಅಷ್ಟೆ.

ಷೆಡ್ಡು ಅಕ್ಕಿ ಗಿರಣಿಯ ಮಲ್ಲಿನಾಥಯ್ಯನವರದು. ಧರ್ಮಕ್ಕೆ ಬಿಟ್ಟುಕೊಟ್ಟಿದ್ದರು. ಹೆಂಡತಿ ತೀರಿಕೊಂಡ ಮೇಲೆ ಅವರಿಗೆ ತಾವೂ ಒಂದು ಸಿನಿಮಾ ಮಾಡುವ ಹಂಬಲ ಹತ್ತಿತು. ಕಥೆ ಅವರದೇ, ನಿರ್ದೇಶನ ಅವರದೇ, ನಾಯಕನೂ ಅವರೇ. ಕಥೆ ಶುರುವಾಗುವಾಗ ನಾಯಕ ಕಾಲೇಜು ಹುಡುಗ. ಅದನ್ನೂ ಅವರು ಬೇರೆಯವರಿಗೆ ಬಿಡಲಿಲ್ಲ.

ಮೊದಲ ಪ್ರದರ್ಶನ ಆಶ್ರಮದಲ್ಲೇ ಆಗಬೇಕೆಂದು ಹೇಳಿ ಕಳಿಸಿದರು. ಅಭಿಪ್ರಾಯ ತಾರಿಣಿಯದೇ ಆಗಬೇಕು ಎಂದೂ ಸೇರಿಸಿದ್ದರು.

ಶಿಷ್ಯರಿಗೆ ಗಾಬರಿಯಾಯಿತು. ಅವರಲ್ಲಿ ಹಿರಿಯ ಫಣೀಂದ್ರ. ಅವನು ತಾರಿಣಿಯನ್ನು ಹೊಳೆಯ ಮೆಟ್ಟಿಲ ಮೇಲೆ ಕೂರಿಸಿಕೊಂಡು ಬುದ್ಧಿ ಹೇಳಿದ. ಒಂದೇ ಒಂದು ಒಳ್ಳೆಯ ಮಾತಾಡು ಅಂದ. ಛಾಯಾಗ್ರಹಣ ಚೆನ್ನಾಗಿದೆ ಅನ್ನು, ಅದರಿಂದ ಇಲ್ಲಿಯವರೆಗೆ ಯಾರೂ ಸತ್ತಿಲ್ಲ. ಷೆಡ್ಡು ಹೋದರೆ ಸಿನಿಮಾವನ್ನು ಏನು ನಿನ್ನ ಬೆನ್ನ ಮೇಲೆ ಬಿಡೋದೇ ಅಂತಲೂ ಕೇಳಿದ.

"ಒಂದು ತಗಡಿನ ಷೆಡ್ಡಿಗೆ ನನ್ನ ನಾಲಿಗೆ ಮಾರಲ್ಲ," ಅಂದಳು ತಾರಿಣಿ.

ಮಾತು ಊರಲ್ಲಿ ಹಬ್ಬಿತು. ಆ ಶನಿವಾರ ಷೆಡ್ಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ.

ತಾರಿಣಿ ಎಂದಿನಂತೆ ತೆರೆಯ ಪಕ್ಕದಲ್ಲೇ, ಬಟ್ಟೆಯ ಅಂಚು ಕೈಗೆ ಸಿಗುವಷ್ಟು ಹತ್ತಿರ ಕೂತಳು. ಮುಗಿದ ಕೂಡಲೇ ತುದಿ ಹಿಡಿಯಬೇಕಲ್ಲ.

ಸಿನಿಮಾ ಶುರುವಾಯಿತು. ಮಲ್ಲಿನಾಥಯ್ಯನವರು ಕೊಡೆ ಹಿಡಿದು ಕುಣಿದರು. ಮಳೆಯ ಹಾಡಿನಲ್ಲಿ ಕೂದಲಿನ ಬಣ್ಣ ಇಳಿದು ಕಾಲರಿಗೆ ಬಂತು. ಅದನ್ನು ಕತ್ತರಿಸಿ ತೆಗೆಯುವ ಎದೆಗಾರಿಕೆ ಯಾರಿಗೂ ಇದ್ದಂತಿರಲಿಲ್ಲ. ತಾರಿಣಿಗೆ ಬೇಕಾದ ವಾಕ್ಯಗಳು ತಾವಾಗಿಯೇ ಬಂದು ಸಾಲುಗಟ್ಟಿದವು.

ಆಮೇಲೆ ಒಂದು ದೃಶ್ಯ ಬಂತು.

ನಾಯಕ ಈಗ ಮುದುಕ. ಹೆಂಡತಿ ಹೋಗಿದ್ದಾಳೆ. ಬೆಳಿಗ್ಗೆ ಎದ್ದು ಬಚ್ಚಲೊಲೆಗೆ ಉರಿ ಹಾಕುತ್ತಾನೆ. ಹಂಡೆಯ ನೀರಿಗೆ ಬೆರಳು ಅದ್ದಿ ನೋಡುತ್ತಾನೆ. ಒಳಮನೆಯ ಕಡೆ ತಿರುಗಿ, "ನೀರು ಕಾದಿದೆ, ಬಾರೇ," ಅನ್ನುತ್ತಾನೆ.

ಅಂದ ಮೇಲೆ ನೆನಪಾಗುತ್ತದೆ.

ಒಂದೊಂದೇ ಕೊಳ್ಳಿಯನ್ನು ಹೊರಗೆಳೆದು, ನೀರು ಚಿಮುಕಿಸಿ ಆರಿಸುತ್ತಾನೆ. ಸಂಗೀತವಿಲ್ಲ. ಕ್ಯಾಮೆರಾ ನಿಲ್ಲಿಸುವುದನ್ನು ಯಾರೋ ಮರೆತ ಹಾಗೆ ಅದು ಅಲ್ಲೇ ನೋಡುತ್ತಾ ನಿಂತಿತ್ತು.

ಕತ್ತಲಲ್ಲಿ ತಾರಿಣಿ ತಲೆ ತಗ್ಗಿಸಿದ್ದನ್ನು ಯಾರೂ ನೋಡಲಿಲ್ಲ.

ಮುಂದೆ ಇನ್ನೂ ಒಂದು ಹೊಡೆದಾಟವಿತ್ತು. ಅದೂ ಮುಗಿಯಿತು. ಗೋಣಿಚೀಲ ಸರಿಸಿದರು, ಬೆಳಕು ಬಂತು. ಭಾಗೀರಥಕ್ಕ ಒಂದು ತುದಿ ಹಿಡಿದರು, ತಾರಿಣಿ ಇನ್ನೊಂದು.

"ಕಥೆಗಾರ ಮಲ್ಲಿನಾಥಯ್ಯನವರು. ನಿರ್ದೇಶಕ ಅವರೇ, ನಾಯಕ ಅವರೇ. ಪ್ರೇಕ್ಷಕರೂ ಅವರೊಬ್ಬರೇ ಆಗಿದ್ದರೆ ನಾವೆಲ್ಲ ಮನೆಯಲ್ಲಿ ನಿದ್ದೆ ಮಾಡಬಹುದಿತ್ತು."

ತಗಡು ಅದುರುವ ಹಾಗೆ ಜನ ನಕ್ಕರು. ಮಲ್ಲಿನಾಥಯ್ಯನವರೂ ನಕ್ಕರು, ನಗದಿದ್ದರೆ ಚೆನ್ನಾಗಿರುವುದಿಲ್ಲ ಅಂತ ನಗುವವರ ಹಾಗೆ.

ತುದಿಗೆ ತುದಿ ಸೇರಿತು. ಭಾಗೀರಥಕ್ಕನ ಕೈ ತಾರಿಣಿಯ ತುದಿಗೆ ತಾಕಿತು. ಅಂಚು ಒದ್ದೆಯಾಗಿತ್ತು. ಕಾಡಿಗೆಯ ಕಪ್ಪು ಬೆರಳಿಗೆ ಹತ್ತಿತು.

ಅಕ್ಕ ಬೆರಳನ್ನು ನೋಡಿಕೊಂಡರು. ಆಮೇಲೆ ಯಾರೂ ಕಂಡಿರದ ಕೆಲಸವೊಂದನ್ನು ಮಾಡಿದರು. ತಮ್ಮ ತುದಿ ಹಿಡಿದುಕೊಂಡೇ ಹಿಂದಕ್ಕೆ ಹಿಂದಕ್ಕೆ ನಡೆದರು. ಮಡಿಕೆಗಳು ಒಂದೊಂದಾಗಿ ಬಿಚ್ಚಿಕೊಂಡವು.

"ಮಡಿಕೆ ಸರಿಬರಲಿಲ್ಲ," ಅಂದರು. "ಮತ್ತೆ ಹೇಳು."

"ಹೇಳಿದೆನಲ್ಲಕ್ಕಾ."

"ಅದು ಜನಕ್ಕೆ ಹೇಳಿದ್ದು. ಸಿನಿಮಾಕ್ಕೆ ಹೇಳು."

ತಾರಿಣಿ ತನ್ನ ಕೈಯಲ್ಲಿದ್ದ ಅಂಚನ್ನು ನೋಡಿದಳು. ಅಕ್ಕನಿಗೆ ಗೊತ್ತಾಗಿದೆ ಎಂದು ಅವಳಿಗೆ ಗೊತ್ತಾಯಿತು.

ಈಗ ಒಂದು ಒಳ್ಳೆಯ ಮಾತಾಡಿದರೆ ಷೆಡ್ಡಿಗಾಗಿ ಆಡಿದಳು ಅನ್ನುತ್ತಾರೆ. ಯಾರು ನಂಬುತ್ತಾರೆ? ಇಷ್ಟು ದಿನ ಆಡಿದ ಮಾತುಗಳ ಮರ್ಯಾದೆಯೂ ಅದರ ಜೊತೆಗೇ ಹೋಗುತ್ತದೆ. ಫಣೀಂದ್ರ ಆಗಲೇ ತುಟಿಯ ಅಂಚಿನಲ್ಲಿ ನಗುತ್ತಿದ್ದ. ಜನ ಕಾಯುತ್ತಿದ್ದರು. ಲೋಟ ತೊಳೆಯುವಾಗ ಅಕ್ಕ ಕೇಳಿದ "ಯಾರಿಗೂ?" ಎಂಬ ಆ ಒಂದು ಮಾತು ಅವಳಿಗೆ ನೆನಪಾಯಿತು.

ಅವಳು ಮಡಿಸಲು ಶುರುಮಾಡಿದಳು.

"ಇದು ಕೆಟ್ಟ ಸಿನಿಮಾ. ಕೊಡೆಯ ಹಾಡು ಕೆಟ್ಟದ್ದು, ಹೊಡೆದಾಟ ಅದಕ್ಕಿಂತ ಕೆಟ್ಟದ್ದು. ಬಚ್ಚಲೊಲೆಯ ಮುಂದೆ ನಾನು ಅತ್ತೆ. ಇಲ್ಲಿ ನೋಡಿದ ಇನ್ಯಾವ ಸಿನಿಮಾಕ್ಕೂ ಅತ್ತಿರಲಿಲ್ಲ. ಇನ್ನೊಂದು ಸಲ ತೋರಿಸಿದರೆ ಇನ್ನೊಂದು ಸಲ ಅಳುತ್ತೇನೆ."

ಯಾರೂ ನಗಲಿಲ್ಲ.

"ಷೆಡ್ಡು ಉಳೀತು ಬಿಡ್ರಪ್ಪ," ಅಂದ ಫಣೀಂದ್ರ.

ಆಗ ನಕ್ಕರು. ಮೊದಲ ಸಲ ಆ ನಗು ಅವಳ ಮೇಲೆ ಬಿತ್ತು.

ತಾರಿಣಿ ಅವನ ಕಡೆ ತಿರುಗಿದಳು. "ನಗಿ. ನಾನು ಅತ್ತದ್ದು ಅತ್ತದ್ದೇ. ನೀವು ನಕ್ಕರೆ ಅದು ಒಣಗಲ್ಲ."

ಮಲ್ಲಿನಾಥಯ್ಯನವರ ಮುಖ ಅರಳಿತ್ತು. ಆ ಹುರುಪಿನಲ್ಲಿ ಅವರು ಯಾರೂ ಕೇಳದಿದ್ದ ಪ್ರಶ್ನೆ ಕೇಳಿದರು. ಅಕ್ಕನವರಿಗೆ ಹೇಗನ್ನಿಸಿತು ಅಂದರು.

"ನನಗೆ ಹಿಡಿಸಲಿಲ್ಲ," ಅಂದರು ಭಾಗೀರಥಕ್ಕ.

"ಒಲೆಯ ದೃಶ್ಯ?"

"ಅದೂ ಇಲ್ಲ. ಉದ್ದವಾಯಿತು."

"ನಿಮ್ಮ ಶಿಷ್ಯೆ ಅತ್ತಿದ್ದಾಳೆ ತಾಯಿ."

"ಅವಳ ಕಣ್ಣು ಅವಳ ಮುಖದಲ್ಲಿದೆ. ನನ್ನದು ನನ್ನ ಮುಖದಲ್ಲಿ."

ಮಲ್ಲಿನಾಥಯ್ಯನವರು ಹೆಗಲ ಮೇಲಿನ ಶಲ್ಯ ಸರಿಮಾಡಿಕೊಂಡು ಎದ್ದರು. ಬಾಗಿಲಲ್ಲಿ ನಿಂತು, ಸೋಮವಾರದಿಂದ ಷೆಡ್ಡಿನಲ್ಲಿ ಭತ್ತ ತುಂಬಿಸಬೇಕಾಗಿದೆ ಎಂದು ಯಾರ ಮುಖವನ್ನೂ ನೋಡದೆ ಹೇಳಿ ಹೋದರು.

ಫಣೀಂದ್ರ ಆ ವಾರವೆಲ್ಲ ಊರಲ್ಲಿ ಹೇಳಿಕೊಂಡು ತಿರುಗಿದ: ಶಿಷ್ಯೆ ನಾಲಿಗೆ ಮಾರಿಕೊಂಡಳು, ಗುರು ವ್ಯಾಪಾರ ಕೆಡಿಸಿದರು.

ಮುಂದಿನ ಶನಿವಾರ ಹೊತ್ತು ಇಳಿಯುವಾಗ ಇಬ್ಬರೇ ಹೊಳೆಯ ದಂಡೆಗೆ ಬಂದರು. ಎರಡು ಹೊಂಗೆ ಮರಗಳ ನಡುವೆ ತಾರಿಣಿ ಹಗ್ಗ ಬಿಗಿದಳು. ಅಕ್ಕ ಪ್ರೊಜೆಕ್ಟರನ್ನು ಕಲ್ಲಿನ ಮೇಲಿಟ್ಟು, ಅದು ಅಲುಗದ ಹಾಗೆ ಕೆಳಗೆ ಚಪ್ಪಲಿ ಕೊಟ್ಟರು.

"ನಿಮಗೇ ಹಿಡಿಸದ ಸಿನಿಮಾಕ್ಕೆ ನನ್ನ ಬಾಯಿಂದ ಒಳ್ಳೆಯ ಮಾತು ಯಾಕೆ ಹೊರಡಿಸಿದಿರಕ್ಕಾ?"

"ನಾನೆಲ್ಲಿ ಹೊರಡಿಸಿದೆ. ಬಟ್ಟೆ ಬಿಡಿಸಿದೆ ಅಷ್ಟೆ."

"ನೀವೂ ಒಂದು ಒಳ್ಳೆಯ ಮಾತಾಡಿದ್ದರೆ ಷೆಡ್ಡು ಇರುತ್ತಿತ್ತು."

"ಇರುತ್ತಿತ್ತು."

"ನನ್ನ ಹೆಸರೂ ಹೋಯಿತು."

"ಹೋಯಿತು. ಆ ಕಡೆಯ ಹಗ್ಗ ಸ್ವಲ್ಪ ಎಳಿ."

ತಾರಿಣಿ ಎಳೆದಳು. ಬಟ್ಟೆ ನೆಟ್ಟಗಾಯಿತು. ಅದರ ಕೆಳಗಿನ ಮೂಲೆಯಲ್ಲಿ ಕಾಡಿಗೆಯ ಕಲೆ ಒಣಗಿ, ದೂರಕ್ಕೂ ಕಾಣುವ ಹಾಗೆ ನಿಂತಿತ್ತು. ಊರ ಕಡೆಯಿಂದ ಒಂದಿಬ್ಬರು ಚಾಪೆ ಹಿಡಿದು ಬರುತ್ತಿದ್ದರು.

ಅವಳಿಗೆ ನಾಚಿಕೆಯಾಯಿತು. ಹೊಳೆ ಇಲ್ಲೇ ಇದೆ, ಅವರು ಬರುವುದರೊಳಗೆ ಆ ಮೂಲೆ ತೊಳೆದುಬಿಡುತ್ತೇನೆ ಎಂದು ಗಂಟು ಬಿಚ್ಚಲು ಹೋದಳು.

ಭಾಗೀರಥಕ್ಕ ಪ್ರೊಜೆಕ್ಟರಿನ ದೀಪ ಹಚ್ಚಿದರು.

"ಬಿಡು. ಇವತ್ತಿನ ಸಿನಿಮಾ ಅದರ ಮೇಲೇ ಬೀಳಲಿ."